ಆಡದೆ ಬಿಟ್ಟ ಆಟ

ರಾಮನವಮಿಯ ದಿನ ಪಾನಕ, ಕೋಸಂಬರಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಒಂದು ಗಳಿಗೆ ಅಡ್ಡಾಗುವುದು ರೂಢಿ. 2025ರಲ್ಲಿ ಹಬ್ಬ ಏಪ್ರಿಲ್ 6ಕ್ಕೆ ಬಂದಿತ್ತು, ರವಿವಾರ. ಬೈಲಹೊಂಗಲದ ಬಿಸಿಲಿಗೆ ಹೊರಗೆ ನಾಯಿ ಕೂಡ ಕಾಣುತ್ತಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗನೊಬ್ಬ ಮಾತ್ರ ಮಲಗದೆ ಪಡಸಾಲೆಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದ. ಒಮ್ಮೆ "ಹೋ" ಎಂದ, ಒಮ್ಮೆ ಹಣೆ ಬಡಿದುಕೊಂಡ. ನಿದ್ದೆ ಹಾರಿಹೋಗಿ ಎದ್ದು ಬಂದೆ.

"ಏನಾತೋ?"

"ದೊಡ್ಡವ್ವ, ಇವತ್ತ ಐ-ಲೀಗಿನ ಕಡೀ ದಿನ. ಯಾರ ಗೆಲ್ತಾರ ಅನ್ನೂದ ಇವತ್ತ ಗೊತ್ತಾಗ್ತೈತಿ."

ಕಾಲ್ಚೆಂಡಾಟದ ಗಂಧ ನನಗಿಲ್ಲ. ನಮ್ಮ ಕಡೆ ಮಕ್ಕಳಿಗೆ ಗೊತ್ತಿರುವುದು ಕಬಡ್ಡಿ, ಖೋ-ಖೋ, ವಾಲಿಬಾಲು, ಈಗೀಗ ಎಲ್ಲೆಲ್ಲೂ ಕ್ರಿಕೆಟ್ಟು. ಆದರೂ ಹಬ್ಬಕ್ಕೆ ಬಂದ ಮಗ ಹೇಳುತ್ತಾನಲ್ಲ ಎಂದು ಕೇಳುತ್ತ ಕುಳಿತೆ. ನಮ್ಮ ದೇಶದ ಫುಟ್‌ಬಾಲಿನಲ್ಲಿ ಮೇಲಿನದು ಇಂಡಿಯನ್ ಸೂಪರ್ ಲೀಗ್. ಅದು 2014ರಲ್ಲಿ ಶುರುವಾದದ್ದು. ಅದರ ಕೆಳಗಿನದು ಆಗ ಐ-ಲೀಗ್. "ಅಂದ್ರ ಎರಡನೇ ಪಂಕ್ತಿ ಅನ್ನು" ಅಂದೆ. ಅವನು ನಕ್ಕ. ಈ ಎರಡನೆಯ ಪಂಕ್ತಿಯಲ್ಲಿ ಆ ವರ್ಷ 12 ತಂಡಗಳು. ಪ್ರತಿಯೊಂದು ತಂಡವೂ ಉಳಿದ ಹನ್ನೊಂದರ ಜತೆ ಎರಡೆರಡು ಸಲ, ಒಟ್ಟು 22 ಆಟ ಆಡಬೇಕು. ನವೆಂಬರಿನಲ್ಲಿ ಶುರುವಾದದ್ದು ಏಪ್ರಿಲ್ ತನಕ ನಡೆಯಿತು. ಗೆದ್ದವರಿಗೆ ಮೇಲಿನ ಪಂಕ್ತಿಗೆ ಹೋಗುವ ದಾರಿ ಇತ್ತು. 2023ರಲ್ಲಿ ಪಂಜಾಬಿನ ತಂಡ, 2024ರಲ್ಲಿ ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೆ ಏರಿದವು. ಕೊನೆಯ ಎರಡು ಸ್ಥಾನದವರು ಮೂರನೆಯ ಪಂಕ್ತಿಗೆ ಇಳಿಯಬೇಕೆಂಬುದು ಆಗಿನ ನಿಯಮ.

ನಮ್ಮ ರಾಜ್ಯದ ತಂಡವೂ ಅದರಲ್ಲಿತ್ತು, ಎಸ್‌ಸಿ ಬೆಂಗಳೂರು. 2024ರಲ್ಲಿ ಮೂರನೆಯ ಪಂಕ್ತಿಯನ್ನು ಗೆದ್ದು ಏರಿ ಬಂದಿತ್ತು. ಮರುವರ್ಷ ಹನ್ನೆರಡರಲ್ಲಿ ಹನ್ನೊಂದನೆಯದಾಯಿತು. ನಮ್ಮ ಹುಡುಗ ಅದಕ್ಕಾಗಿ ಮರುಗುತ್ತಿದ್ದ. ಅದರ ಜತೆಗೇ ಏರಿ ಬಂದದ್ದು ಗೋವೆಯ ಡೆಂಪೊ. ಈ ಡೆಂಪೊ ಸಾಮಾನ್ಯ ತಂಡವಲ್ಲವಂತೆ. 2005ರಿಂದ 2012ರ ಒಳಗೆ ಐದು ಸಲ ದೇಶಕ್ಕೇ ಮೊದಲು ಬಂದದ್ದು, 2015ರಲ್ಲಿ ಕೆಳಗೆ ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ಮತ್ತೆ ಬಂದು ನಡುಮಧ್ಯದಲ್ಲೆಲ್ಲೋ ಕುಳಿತಿತ್ತು.

ಅಂದು ಕೋಳಿಕ್ಕೋಡಿನಲ್ಲಿ ಡೆಂಪೊಗೂ ಗೋಕುಲಂ ಕೇರಳಕ್ಕೂ ಆಟ. ಗೋಕುಲಂಗೆ ಪ್ರಶಸ್ತಿಯ ಆಸೆ ಇನ್ನೂ ಇತ್ತು. ತಾನು ಗೆಲ್ಲಬೇಕು, ಮುಂದಿದ್ದ ಗೋವೆಯ ಚರ್ಚಿಲ್ ಬ್ರದರ್ಸ್ ಎಡವಬೇಕು. ಡೆಂಪೊ ಮಾತ್ರ ಪ್ರಶಸ್ತಿಯ ಲೆಕ್ಕದಿಂದ ಎಂದೋ ಹೊರಬಿದ್ದಿತ್ತು. ಮೊದಲು ಎರಡು ಗೋಲು ಮುಂದೆ ಹೋದ ಗೋಕುಲಂ ಕೊನೆಗೆ 3-4ರಿಂದ ಸೋತಿತು.

"ಗೆದ್ದದ್ದರಿಂದ ಡೆಂಪೊದವರಿಗೆ ಏನು ಸಿಕ್ಕಿತು?" ಎಂದು ಕೇಳಿದೆ.

"ಏನೂ ಇಲ್ಲ ದೊಡ್ಡವ್ವ."

"ಮತ್ತ ಅಷ್ಟ ಜೀವಾ ಬಿಟ್ಟ ಯಾಕ ಆಡಿದ್ರು?"

ಹುಡುಗ ನನ್ನ ಮುಖ ನೋಡಿದ. "ಆಟ ಐತೆಲ್ಲ. ಆಡಬೇಕಲ್ಲ" ಅಂದ.

ಇಂಥ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಆಗ ಹೇಳಿದವಳು ಹದಿಮೂರು ವರ್ಷದ ಹುಡುಗಿ. ಅವತ್ತು ನಾನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

1998ರ ಡಿಸೆಂಬರ್ ತಿಂಗಳು. ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ನಮ್ಮ ಶಾಲೆಯ ಹುಡುಗಿಯರ ಖೋ-ಖೋ ತಂಡವನ್ನು ಕರೆದುಕೊಂಡು ರಾಮದುರ್ಗಕ್ಕೆ ಹೋಗಿದ್ದೆ. ಅಲ್ಲಿಯ ಒಬ್ಬ ದಾನಿಗಳು ತಮ್ಮ ತಾಯಿಯ ಹೆಸರಿನಲ್ಲಿ ಒಂದು ಢಾಲು ಇಟ್ಟಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ನಾಲ್ಕು ಊರಿನ ನಾಲ್ಕು ಶಾಲೆಗಳು. ಪ್ರತಿ ತಂಡವೂ ಉಳಿದ ಮೂರರ ಜತೆ ಆಡಬೇಕು. ಮುಂದಿದ್ದ ಇಬ್ಬರಿಗೆ ಕಡೆಯ ಪಂದ್ಯ. ಹುಡುಗಿಯರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹಾಸಿಗೆ ಸುತ್ತಿಕೊಂಡು ಜಾತ್ರೆಗೆ ಹೊರಟಂತೆ ಹೊರಟಿದ್ದರು.

ನಾವು ಕಿತ್ತೂರಿಗೆ ಸೋತೆವು, ಸವದತ್ತಿಗೂ ಸೋತೆವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಹೀಗಿತ್ತು: ಕಿತ್ತೂರಿನವರು ಎಲ್ಲ ಗೆದ್ದು ಮುಗಿಸಿದ್ದರು. ಸವದತ್ತಿ ತನ್ನ ಮೂರೂ ಆಟ ಆಡಿ ಒಂದು ಗೆದ್ದಿತ್ತು. ರಾಮದುರ್ಗವೂ ಒಂದು ಗೆದ್ದಿತ್ತು, ಆದರೆ ಅದಕ್ಕೆ ಇನ್ನೊಂದು ಆಟ ಬಾಕಿ, ಅದು ನಮ್ಮ ಜತೆ. ನಾವು ಸೋತರೆ ರಾಮದುರ್ಗ ಕಡೆಯ ಪಂದ್ಯಕ್ಕೆ ಹೋಗುತ್ತದೆ. ನಾವು ಗೆದ್ದರೆ ಮೂವರದೂ ಒಂದೊಂದು ಗೆಲುವಾಗಿ, ಒಟ್ಟು ಅಂಕದ ಮೇಲೆ ಸವದತ್ತಿ ಹೋಗುತ್ತದೆ. ನಮಗೆ ಮಾತ್ರ ಗೆದ್ದರೂ ಸೋತರೂ ಊರ ದಾರಿಯೇ.

ಸವದತ್ತಿಯ ಹುಡುಗಿಯರು ಬಯಲಂಚಿನ ಬೇವಿನ ಮರದ ಕೆಳಗೆ ಸಾಲಾಗಿ ಕುಳಿತಿದ್ದರು. ಮುಂಜಾನೆ ನಮ್ಮನ್ನು ಸೋಲಿಸಿದವರು ಈಗ ನಮ್ಮ ಬಂಧುಗಳಾಗಿದ್ದರು. ಅವರಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಎದ್ದು ಬಂದು, ಪರಕಾರದ ಮಡಿಲಲ್ಲಿದ್ದ ಬಾರೀಹಣ್ಣನ್ನು ನಮ್ಮ ಹುಡುಗಿಯರಿಗೆಲ್ಲ ಹಂಚಿದಳು. "ಛಲೋ ಓಡ್ರೆವಾ" ಎಂದು ಹೇಳಿ ಹೋದಳು.

ಆಟ ನಾಲ್ಕೂವರೆಗೆ ಶುರುವಾಗಬೇಕು. ನಮ್ಮೂರಿಗೆ ಬಸ್ಸು ಐದಕ್ಕೆ. ಎರಡು ದಿನದ ಬಿಸಿಲು, ಎರಡು ಸೋಲು, ಸರಿಯಾದ ನಿದ್ದೆಯಿಲ್ಲ. ಇನ್ನೊಂದು ಸಲ ಸೋತು ಎಲ್ಲರ ಎದುರು ನಿಲ್ಲುವುದು ನನಗೆ ಬೇಡವಾಗಿತ್ತು. ಪಂಚರ ಬಳಿ ಹೋಗಿ, "ಹೊತ್ತಾಗತೈತ್ರಿ, ಹೆಣ್ಣುಮಕ್ಕಳನ್ನ ಕರಕೊಂಡ ಹೋಗಬೇಕು" ಎಂದು ಹೇಳಿ, ಆಟ ಬಿಟ್ಟುಕೊಟ್ಟೆವೆಂದು ಸಹಿ ಮಾಡಿದೆ. ಅವರು ರಾಮದುರ್ಗ ಗೆದ್ದಿತೆಂದು ಬರೆದುಕೊಂಡರು. ಮಾತಾಡಲು ಏನೂ ಇರಲಿಲ್ಲ. ಹೆಣ್ಣುಮಕ್ಕಳು, ಹೊತ್ತು, ಬಸ್ಸು, ಈ ಮೂರು ಶಬ್ದ ಕೇಳಿದ ಮೇಲೆ ನಮ್ಮಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ನಮ್ಮ ತಂಡದ ಮುಂದಾಳು ಹುಡುಗಿ ಸೆರಗು ಹಿಡಿದು, "ಅಕ್ಕೋರ, ಇದೊಂದ ಆಟ ಆಡೇ ಹೋಗೂಣ್ರಿ. ಆಟ ಐತೆಲ್ರಿ" ಅಂದಳು.

"ಆಡಿದ್ರ ನಮಗೇನ ಬರತೈತಿ?" ಎಂದು ಗದರಿದೆ.

ಬಸ್ಸು ಹತ್ತಿ ಕುಳಿತೆವು. ಆಗ ನಾನು ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಆಯಿತು. ನಮ್ಮೂರಿನ ಬಸ್ಸು ಸವದತ್ತಿಯ ಮೇಲೆಯೇ ಹೋಗುವುದು. ನಾವು ಆಡದಿದ್ದ ಮೇಲೆ ಸವದತ್ತಿಯವರಿಗೆ ಅಲ್ಲಿ ಉಳಿಯುವ ಕೆಲಸವಿರಲಿಲ್ಲ. ಅವರೂ ಹಾಸಿಗೆ ಸುತ್ತಿಕೊಂಡು ಅದೇ ಬಸ್ಸು ಹತ್ತಿದರು. ಅವರ ಅಕ್ಕೋರು ನನಗಿಂತ ಹಿರಿಯರು, ನನ್ನ ಬಾಜೂಕ್ಕೇ ಬಂದು ಕುಳಿತರು. "ಊರು ಮುಟ್ಟೂದ ಹೊತ್ತಾಗತೈತಿ ಅಂತ ಹೊಂಟ್ರೇನ್ರಿ?" ಎಂದು ಸಮಾಧಾನವಾಗಿಯೇ ಕೇಳಿದರು. "ಹೌದ್ರಿ" ಅಂದೆ. ಎದುರಿಗೆ ಹಾಸಿಗೆಯ ಗಂಟಿನ ಮೇಲೆ ಕುಳಿತಿದ್ದ ಎರಡು ಜಡೆಯ ಹುಡುಗಿ ತಲೆ ಎತ್ತಿ, "ಏಳೂವರಿಗೂ ಒಂದ ಬಸ್ಸ ಐತೆಲ್ರಿ ಅಕ್ಕೋರ. ಆಟ ನೋಡಿ ಅದಕ್ಕ ಹೋಗೂಣ ಅಂತ ಮಾಡಿದ್ವಿ" ಅಂದಳು. "ಸುಮ್ಕ ಕೂಡು" ಎಂದು ಅವರ ಅಕ್ಕೋರು ಗದರಿದರು.

ಏಳೂವರೆಯ ಬಸ್ಸು ನನಗೂ ಗೊತ್ತಿತ್ತು.

ಸವದತ್ತಿಯಲ್ಲಿ ಇಳಿದ ಮೇಲೆ ಆ ಹುಡುಗಿ ಕೆಳಗೆ ನಿಂತು ನಮ್ಮ ಹುಡುಗಿಯರಿಗೆ ಕೈ ಬೀಸಿದಳು. ನಮ್ಮ ಮುಂದಾಳು ಹುಡುಗಿ ಕೈ ಎತ್ತಲಿಲ್ಲ. ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡಳು. ತಪ್ಪು ಮಾಡಿದವಳು ನಾನು, ತಲೆ ತಗ್ಗಿಸಿದವಳು ಅವಳು.

ಇದನ್ನು ಓದುವ ಗೆಳತಿಯರು, "ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಪಶ್ಚಾತ್ತಾಪವೇ?" ಎಂದು ನಗಬಹುದು. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡೆ. ನಾನು ಯಾರದನ್ನೂ ಕದ್ದಿರಲಿಲ್ಲ, ನಿಯಮ ಮುರಿದಿರಲಿಲ್ಲ. ಆಟ ಬಿಟ್ಟುಕೊಡುವ ಹಕ್ಕು ಎಲ್ಲ ತಂಡಕ್ಕೂ ಇದೆ. ಹಾಗಾದರೆ ನನ್ನ ತಪ್ಪು ಯಾವುದು? ಆ ರಾಮನವಮಿಯ ದಿನ ಹುಡುಗ ಮೊಬೈಲಿನಲ್ಲಿ ಅಂಕಗಳ ಪಟ್ಟಿ ತೋರಿಸಿದಾಗ ಅದು ನನಗೆ ಸ್ಪಷ್ಟವಾಯಿತು.

ಸೋತವರು ಮನೆಗೆ ಹೋಗುವ ಪಂದ್ಯಾವಳಿ ಬೇರೆ. ಅಲ್ಲಿ ಸೋತವರು ಹೊರಬಿದ್ದ ಮೇಲೆ ಅವರ ಋಣ ಯಾರ ಮೇಲೂ ಇಲ್ಲ. ಎಲ್ಲರೂ ಎಲ್ಲರ ಜತೆ ಆಡುವ ಪಂದ್ಯಾವಳಿ ಹಾಗಲ್ಲ. ಅಲ್ಲಿ ನನ್ನ ಆಟ ನನ್ನೊಬ್ಬಳದಲ್ಲ. ಹನ್ನೆರಡು ತಂಡದ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದವರು ಆಡಿದ ಪ್ರತಿ ಆಟವೂ ಮೊದಲ ಸ್ಥಾನದವರ ಲೆಕ್ಕದಲ್ಲಿ ಸೇರಿದೆ. ಇಳಿಯುವ ಜಾಗಕ್ಕೆ ಬಂದು ನಿಂತ ಬೆಂಗಳೂರಿನ ಹುಡುಗರು ತಮಗೆ ಇನ್ನೇನೂ ಇಲ್ಲವೆಂದು ಕೈಚೆಲ್ಲಿದ್ದರೆ, ಅವರನ್ನು ಎದುರಿಸಿದವರಿಗೆ ಪುಕ್ಕಟೆ ಅಂಕ ಬರುತ್ತಿತ್ತು, ಎದುರಿಸಿ ಮುಗಿಸಿದವರಿಗೆ ಅನ್ಯಾಯವಾಗುತ್ತಿತ್ತು. ನಮ್ಮ ಸೋಲು, ನಮ್ಮ ಆಟ, ನಮ್ಮ ಬಸ್ಸು ಎಂದು ನಾನು ರಾಮದುರ್ಗದಲ್ಲಿ ಎಣಿಸಿದ್ದೆ. ಆಟ ಮೂರು ಊರಿನದಾಗಿತ್ತು.

ಜಗತ್ತಿನ ದೊಡ್ಡ ಬಯಲುಗಳಲ್ಲೂ ಇದು ನಡೆದಿದೆ. 1982ರ ವಿಶ್ವಕಪ್ಪಿನಲ್ಲಿ, ಜೂನ್ 25ರಂದು, ಸ್ಪೇನಿನ ಹಿಹೋನ್ ಎಂಬ ಊರಿನಲ್ಲಿ ಪಶ್ಚಿಮ ಜರ್ಮನಿಗೂ ಆಸ್ಟ್ರಿಯಾಕ್ಕೂ ಆಟವಿತ್ತು. ಅದೇ ಗುಂಪಿನ ಅಲ್ಜೀರಿಯಾ ಜರ್ಮನಿಯನ್ನೇ ಸೋಲಿಸಿದ್ದ ತಂಡ. ಹಿಂದಿನ ದಿನವೇ ತನ್ನ ಆಟ ಮುಗಿಸಿ ಕಾಯುತ್ತಿತ್ತು. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಆಡುತ್ತಿರುವ ಇಬ್ಬರೂ ಮುಂದೆ ಹೋಗುತ್ತಾರೆ, ಅಲ್ಜೀರಿಯಾ ಹೊರಬೀಳುತ್ತದೆ. ಜರ್ಮನಿ ಬೇಗನೆ ಒಂದು ಗೋಲು ಹೊಡೆಯಿತು. ಆಮೇಲೆ ಇಬ್ಬರೂ ಚೆಂಡನ್ನು ಅತ್ತಿಂದಿತ್ತ ಉರುಳಿಸುತ್ತ ಹೊತ್ತು ಕಳೆದರು. ನಿಯಮವನ್ನು ಅಲ್ಲಿಯೂ ಯಾರೂ ಮುರಿಯಲಿಲ್ಲ. ಆದರೆ ಮುಂದಿನ ವಿಶ್ವಕಪ್ಪಿನಿಂದ ಗುಂಪಿನ ಕೊನೆಯ ಎರಡು ಆಟಗಳನ್ನು ಒಂದೇ ಹೊತ್ತಿಗೆ ಇಡತೊಡಗಿದರು. ಹಿಹೋನಿನವರದು ಲಾಭದ ಲೆಕ್ಕ, ನನ್ನದು ಬರೀ ಬೇಸರ. ಆದರೆ ಬೇವಿನ ಮರದ ಕೆಳಗೆ ಕುಳಿತವರಿಗೆ ಇವೆರಡರಲ್ಲಿ ಏನು ವ್ಯತ್ಯಾಸ?

ಐ-ಲೀಗಿನ ಕಥೆಯೂ ರಾಮನವಮಿಗೆ ಮುಗಿಯಲಿಲ್ಲ. ಅಂದು ಚರ್ಚಿಲ್ ಬ್ರದರ್ಸ್ 40 ಅಂಕ, ಇಂಟರ್ ಕಾಶಿ 39 ಅಂಕ. ಆದರೆ ಜನವರಿಯಲ್ಲಿ ಇಂಟರ್ ಕಾಶಿ ನಾಮಧಾರಿ ತಂಡಕ್ಕೆ 0-2ರಿಂದ ಸೋತ ಒಂದು ಆಟದ ತಗಾದೆ ಬಾಕಿ ಇತ್ತು. ಹಳದಿ ಚೀಟಿಗಳ ಲೆಕ್ಕದಿಂದ ಹೊರಗೆ ಕೂಡಬೇಕಾಗಿದ್ದ ಆಟಗಾರನೊಬ್ಬನನ್ನು ನಾಮಧಾರಿಯವರು ಆಡಿಸಿದ್ದರು. ಆ ಅಂಕ ಯಾರಿಗೆ ಎಂಬುದು ಒಂದು ಸಮಿತಿಯಿಂದ ಇನ್ನೊಂದಕ್ಕೆ ಹೋಯಿತು. ಏಪ್ರಿಲ್ 19ರಂದು ಚರ್ಚಿಲ್ ಗೆದ್ದಿತೆಂದು ಸಾರಿದರು. ಜುಲೈ 18ರಂದು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ ಅದನ್ನು ತಿರುಗಿಸಿ, 42 ಅಂಕದೊಂದಿಗೆ ಇಂಟರ್ ಕಾಶಿಯೇ ವಿಜೇತ ಎಂದಿತು. ಕೊನೆಗೆ ಪ್ರಶಸ್ತಿಯ ಹತ್ತಿರವೂ ಇರದ ಒಂದು ತಂಡದ ಒಂದು ದಿನದ ತಪ್ಪಿನಿಂದ ಎರಡು ಊರುಗಳು ಮೂರು ತಿಂಗಳು ಸಂಭ್ರಮ ಪಡಬೇಕೋ ದುಃಖ ಪಡಬೇಕೋ ತಿಳಿಯದೆ ಕಾದವು.

ಕಿತ್ತೂರಿನ ನೆರಳಿನಲ್ಲಿ ಬದುಕುವ ನಮಗೆ ಇದಕ್ಕೆ ದೊಡ್ಡ ದೊಡ್ಡ ಉದಾಹರಣೆಗಳು ಬಾಯಲ್ಲೇ ಇವೆ. 1824ರ ಅಕ್ಟೋಬರಿನ ಗೆಲುವಿಗೆ ಕಿತ್ತೂರಿನಲ್ಲಿ ಉತ್ಸವ. ಡಿಸೆಂಬರಿನಲ್ಲಿ ಕೋಟೆ ಬಿದ್ದು, ಸೆರೆಯಲ್ಲೇ 1829ರಲ್ಲಿ ಕಣ್ಣು ಮುಚ್ಚಿದ ರಾಣಿಯ ಸಮಾಧಿ ನಮ್ಮ ಬೈಲಹೊಂಗಲದಲ್ಲಿ. ಕೋಟೆ ಬಿದ್ದ ಮೇಲೂ ಬಿಡದೆ ಹೋರಾಡಿದ ಸಂಗೊಳ್ಳಿ ರಾಯಣ್ಣನ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಮಾಡುವಾಗೆಲ್ಲ ಒಳಗೆ ಚುರುಕ್ ಎನ್ನುತ್ತದೆ. ಅಂಥ ದೊಡ್ಡವರ ಮಾತು ನನ್ನ ಅಳತೆಗೆ ಮೀರಿದ್ದು. ನನ್ನನ್ನು ಕಾಡುವುದು ಇಷ್ಟೇ: ಎರಡೂವರೆ ತಾಸು ತಡೆದು ಏಳೂವರೆಯ ಬಸ್ಸಿಗೆ ಬರಲು ಯಾವ ಶೌರ್ಯವೂ ಬೇಕಿರಲಿಲ್ಲ.

ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ಫಲ ಬಯಸದೆ ಕೆಲಸ ಮಾಡು ಎಂಬ ಉಪದೇಶವನ್ನು ಹೆಂಗಸರಾದ ನಾವು ಕೇಳಿದಷ್ಟು ಇನ್ನಾರೂ ಕೇಳಿರಲಾರರು. ಲಗ್ನದ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯ ಪಂಕ್ತಿಗೆ ಕೂಡುವವರು ನಾವು. ಹೋಳಿಗೆ ಮುಗಿದಿರುತ್ತದೆ, ಸಾರು ನೀರಾಗಿರುತ್ತದೆ. ಫಲ ಬಯಸಬೇಡ ಎಂದು ಹೇಳುವವರೇ ಕುಳಿತು ಫಲ ಉಣ್ಣುತ್ತಿದ್ದರೆ ಆ ಉಪದೇಶವನ್ನು ನಾನು ಒಪ್ಪಲಾರೆ. ದಣಿದವಳು ಕೂಡಬೇಕು, ಬೇಡವಾದದ್ದನ್ನು ಬಿಡಬೇಕು. ಅಂದು ಐದರ ಬಸ್ಸೇ ಕಡೆಯದಾಗಿದ್ದರೆ, ಒಂದು ಹುಡುಗಿಗೆ ಜ್ವರ ಬಂದಿದ್ದರೆ, ಆಟ ಬಿಟ್ಟು ಹೊರಟದ್ದೇ ಸರಿ ಎಂದು ಇವತ್ತಿಗೂ ಹೇಳುತ್ತೇನೆ.

ಹಾಗಾದರೆ ಯಾವ ಆಟ ಬಿಡಬಹುದು, ಯಾವುದನ್ನು ಬಿಡಬಾರದು? ನಾನು ಕಂಡುಕೊಂಡ ಅಳತೆ ಸಣ್ಣದು. "ಆಡಿದರೆ ನನಗೇನು ಬರುತ್ತದೆ?" ಎಂದು ಕೇಳಿದರೆ ಬರುವ ಉತ್ತರ ಬಹಳ ಸಲ "ಏನೂ ಇಲ್ಲ" ಎಂದೇ. ಅದನ್ನು ಕೇಳಿಕೊಂಡೇ ನಾನು ಸಹಿ ಮಾಡಿದ್ದು. ಕೇಳಬೇಕಾದದ್ದು, "ಆಡದಿದ್ದರೆ ಯಾರಿಗೆ ಏನಾಗುತ್ತದೆ? ಬಯಲಂಚಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ?" ಯಾರೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ಎದ್ದು ಬರಬಹುದು. ಯಾರಾದರೂ ಇದ್ದರೆ ಆ ಆಟ ನಮ್ಮ ಕೈಯಲ್ಲಿರುವ ಅವರ ಗಂಟು. ನಮಗೆ ಬೇಡವೆಂದು ಬಿಸಾಡುವ ಹಾಗಿಲ್ಲ.

ಶಾಲೆಯಲ್ಲಿ ಈ ಅಳತೆ ದಿನವೂ ಬೇಕಾಗುತ್ತದೆ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ, ಪಾಸಾಗುವುದಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟ ನಾಲ್ಕು ಮಕ್ಕಳು ಇರುತ್ತಾರೆ. ಫಲಿತಾಂಶದ ಲೆಕ್ಕದಲ್ಲಿ ಅವರ ಮೇಲೆ ಸುರಿದ ಹೊತ್ತು ದಂಡ. ನಿವೃತ್ತಿಗೆ ವರ್ಷ ಉಳಿದವರು "ಇನ್ನೇನು ನಮಗ" ಎಂದು ಪುಸ್ತಕ ಮುಚ್ಚಿಡುವುದನ್ನು ಕಂಡಿದ್ದೇನೆ. ನನಗೂ ಆ ಆಸೆ ಆಗುತ್ತದೆ, ಸುಳ್ಳೇಕೆ ಹೇಳಲಿ. ಆಗೆಲ್ಲ ಬೇವಿನ ಮರ ನೆನಪಿಗೆ ಬರುತ್ತದೆ. ನನ್ನ ಲೆಕ್ಕ ಮುಗಿದಿರಬಹುದು, ಆ ಮಕ್ಕಳದು ಮುಗಿದಿಲ್ಲ.

ಇದನ್ನೆಲ್ಲ ಅಂದು ಹುಡುಗನಿಗೆ ಹೇಳಿದೆ. ಮೊಬೈಲು ಕೆಳಗಿಟ್ಟು ಕೇಳಿದ. ಕೇಳಿ ಮುಗಿದ ಮೇಲೆ, "ಆವತ್ತ ಆಡಿದ್ರ ನೀವ ರಾಮದುರ್ಗದವ್ರನ್ನ ಗೆಲ್ಲತಿದ್ರೇನ ದೊಡ್ಡವ್ವ?" ಎಂದ.

ಸೋಲುತ್ತಿದ್ದೆವು ಎಂದೇ ಕಾಣುತ್ತದೆ. ರಾಮದುರ್ಗದ ಹುಡುಗಿಯರು ಗಟ್ಟಿಗರು, ನಮ್ಮವರು ದಣಿದಿದ್ದರು. ಆದರೂ "ಸೋಲತಿದ್ವಿ" ಎಂದು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿಲ್ಲ" ಅಂದೆ.

ಸೋತಿದ್ದರೆ ಸವದತ್ತಿಯ ಆ ಹುಡುಗಿ ಅತ್ತು, ಕಣ್ಣೊರೆಸಿಕೊಂಡು, ಏಳೂವರೆಯ ಬಸ್ಸಿಗೆ ಹೋಗುತ್ತಿದ್ದಳು. ಏನಾಯಿತೆಂದು ಗೊತ್ತು ಮಾಡಿಕೊಂಡು ಹೋಗುತ್ತಿದ್ದಳು. ಈಗ ಅವಳಿಗೆ ನಲವತ್ತು ವರ್ಷವಾಗಿರಬೇಕು. ಅವಳಿಗೆ ಆ ದಿನ ನೆನಪಿದ್ದರೆ, ಅವಳ ಬಳಿಯೂ ಇರುವುದು ಇದೇ ಉತ್ತರ: ಗೊತ್ತಿಲ್ಲ. ಬಾರೀಹಣ್ಣು ತಿಂದು ನಾವು ಅವಳಿಗೆ ಕೊಟ್ಟು ಬಂದದ್ದು ಅದೊಂದೇ.